ಚಿಲ್ಲರೆ ಗುರುತುಗಳನ್ನು ಕಾಯುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಬದಿ ಗೇಟಿನಲ್ಲಿ ಕಾವಲುಗಾರ ಆಕಳಿಸುತ್ತ ಸರಪಳಿ ಬಿಚ್ಚುತ್ತಿದ್ದಾನೆ. ಕಸದ ಡ್ರಮ್ಮುಗಳನ್ನು, ತಂತಿಯ ಮೇಲೆ ಒಣಹಾಕಿದ ವಾರ್ಡಿನ ಚಾದರಗಳನ್ನು ದಾಟಿದರೆ ಶವಾಗಾರ. ಅದರ ಗೋಡೆಗೆ ಅಂಟಿಕೊಂಡಂತೆ ಒಂದು ಉದ್ದನೆಯ ಕೋಣೆ. ಬೀಗ ತೆಗೆದು ಒಳಗೆ ಬಂದ ಹೆಂಗಸು ಮೊದಲು ಕಿಟಕಿ ತೆರೆಯುತ್ತಾರೆ, ಆಮೇಲೆ ಫ್ಯಾನು ಹಾಕುತ್ತಾರೆ, ಕಂಪ್ಯೂಟರಿನ ಸರದಿ ಕೊನೆಗೆ. ಈ ಕ್ರಮ ತಪ್ಪಿದರೆ ಫಿನಾಯಿಲ್ ವಾಸನೆ ಮಧ್ಯಾಹ್ನದವರೆಗೂ ಮೂಗಿನಲ್ಲೇ ಮನೆ ಮಾಡಿಕೊಂಡಿರುತ್ತದಂತೆ.

ರಾತ್ರಿ ಬೇರೆ ಬೇರೆ ಠಾಣೆಗಳಿಂದ, ಆಸ್ಪತ್ರೆಗಳಿಂದ ಬಂದ ದಾಖಲೆಗಳು ಪರದೆಯ ಮೇಲೆ ಸಾಲುಗಟ್ಟಿವೆ. ಪ್ರತಿಯೊಂದರಲ್ಲೂ ಹೆಸರಿನ ಮುಂದೆ ಒಂದೇ ಉತ್ತರ: ಗೊತ್ತಿಲ್ಲ. ರಸ್ತೆಬದಿಯಲ್ಲಿ, ರೈಲು ಹಳಿಯ ಮೇಲೆ, ನೀರಿನಲ್ಲಿ, ಬಸ್ ನಿಲ್ದಾಣದ ಬೆಂಚಿನ ಮೇಲೆ ವಾರಸುದಾರರಿಲ್ಲದೆ ಸಿಕ್ಕ ಶವಗಳ ದಾಖಲೆ ಇವು. ದಿನಕ್ಕೆ ಹತ್ತೋ ಹನ್ನೆರಡೋ ಬರುತ್ತವೆ; ಚಳಿ ಕಚ್ಚಿದ ದಿನ ಇಪ್ಪತ್ತು ದಾಟುವುದೂ ಉಂಟು. ಅವರು ಒಂದೊಂದನ್ನೇ ತೆರೆದು ಓದುತ್ತಾರೆ. ವಯಸ್ಸು, ಎತ್ತರ, ಅಂಗಿಯ ಬಣ್ಣ, ಇವುಗಳ ಮೇಲೆ ಕಣ್ಣು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ತಳದಲ್ಲಿ ಯಾರೋ ತಮ್ಮ ಮನಸ್ಸಿಗೆ ತೋಚಿದಂತೆ ಸೇರಿಸಿದ ಸಾಲು ಬಂತೆಂದರೆ ಕುರ್ಚಿ ತಾನಾಗಿಯೇ ಮುಂದಕ್ಕೆ ಸರಿಯುತ್ತದೆ. ‘ಬಲಗಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ.’ ‘ಚಪ್ಪಲಿ ಎರಡೂ ಎಡಗಾಲಿನವು.’

“ನೋಡಿ, ಪೆನ್ಸಿಲ್,” ಎನ್ನುತ್ತಾರೆ. “ಬಡಗಿ ಇರಬಹುದು. ಇಲ್ಲ ಅಂಗಡೀಲಿ ಲೆಕ್ಕ ಬರೆಯೋನು. ಮನೇಲಿ ಒಬ್ರಿಗಾದ್ರೂ ಗೊತ್ತಿರುತ್ತೆ, ಇವನು ಕಿವಿ ಮೇಲೆ ಪೆನ್ಸಿಲ್ ಇಟ್ಕೊಂಡೇ ಮಲಗಿಬಿಡ್ತಿದ್ದ ಅಂತ. ಗಂಡನ ಎತ್ತರ ಎಷ್ಟು ಅಂತ ಯಾವ ಹೆಂಡತಿಗೆ ಗೊತ್ತಿರುತ್ತೆ ಹೇಳಿ?”

ಕಚೇರಿಯ ಕಡತದಲ್ಲಿ ಅವರು ‘ಪ್ರೋಗ್ರಾಮರ್, ಗುತ್ತಿಗೆ’. ಗೋಡೆಯಾಚೆಯವರಿಗೆ ‘ಚಿಲ್ಲರೆ ಅಕ್ಕ’. ಆ ಹೆಸರು ಬಂದದ್ದು ಈ ವಿಭಾಗದ ಮುಖ್ಯಸ್ಥರಾದ ಸಾಹೇಬರ ಬಾಯಿಂದ. ಯಾವುದೋ ಸಭೆಯಲ್ಲಿ ಅವರು ರೇಗಿ, “ಇಂಥ ಚಿಲ್ಲರೆ ಮಾಹಿತಿಗೆಲ್ಲ ಯಾಕಮ್ಮ ಇಷ್ಟು ತಲೆ ಕೆಡಿಸ್ಕೋತೀಯ?” ಎಂದಿದ್ದರು. ಬಾಗಿಲ ಬಳಿ ಸಹಿಗಾಗಿ ಕಾಯುತ್ತ ನಿಂತಿದ್ದ ಶವಾಗಾರದ ಹಿರಿಯ ಸಹಾಯಕನ ಕಿವಿಗೆ ಅದು ಬಿತ್ತು. ಮರುದಿನದಿಂದ ಆತ ಕಿಟಕಿಯಲ್ಲಿ ತಲೆ ತೂರಿಸಿ ಕೂಗುವುದೇ ಹಾಗೆ: “ಅಕ್ಕಾ, ಇವತ್ತು ಒಂದಿಷ್ಟು ಚಿಲ್ಲರೆ ಇದೆ, ಬರ್ಕೋತೀರಾ?”

“ನನಗಿಂತ ಹದಿನೈದು ವರ್ಷ ದೊಡ್ಡೋರು, ನನ್ನನ್ನ ಅಕ್ಕ ಅಂತಾರೆ,” ಎಂದು ಅವರು ನಗುತ್ತಾರೆ. ಈ ಕೋಣೆಯಲ್ಲಿ ನಗು ಬರುವುದೇ ಅಪರೂಪ. ಬಂದದ್ದನ್ನು ಯಾರೂ ತಡೆಯುವುದಿಲ್ಲ.

ಅವರ ತಂದೆ ಇದೇ ಆಸ್ಪತ್ರೆಯಲ್ಲಿ ವಾರ್ಡ್ ಬಾಯ್ ಆಗಿದ್ದವರು. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಾಗ ಮಗಳ ಓದು ಅರ್ಧಕ್ಕೆ ನಿಂತಿತು. ಟೈಪಿಂಗ್ ಬರುತ್ತಿತ್ತು ಎಂಬ ಒಂದೇ ಬಲದ ಮೇಲೆ ಈ ವಿಭಾಗಕ್ಕೆ ಸೇರಿದರು. ಠಾಣೆಯವರು ಫೋನಿನಲ್ಲಿ ಹೇಳಿದ್ದನ್ನು ಕಂಪ್ಯೂಟರಿಗೆ ಏರಿಸುವ ಕೆಲಸ. ಮದುವೆಯಾಯಿತು, ಮಗಳು ಹುಟ್ಟಿದಳು. ಗಂಡನಿಗೆ ಬ್ರೆಡ್ ಕಾರ್ಖಾನೆಯಲ್ಲಿ ಒಲೆಯ ಮುಂದಿನ ಕೆಲಸ. ಕೂಸನ್ನು ಅತ್ತೆಯ ಮಡಿಲಿಗೆ ಹಾಕಿ ಸಂಜೆ ತರಗತಿಗೆ ಹೋಗಿ ಪ್ರೋಗ್ರಾಂ ಬರೆಯುವುದನ್ನು ಕಲಿತರು. ಮೊದಮೊದಲು ಅದು ಕಬ್ಬಿಣದ ಕಡಲೆಯೇ. “ಹಲ್ಲು ಮುರಿದ್ರೂ ಬಿಡ್ಲಿಲ್ಲ. ಟೈಪಿಸ್ಟ್ ಆಗೇ ಇದ್ರೆ ಯಾವತ್ತಾದ್ರೂ ಮನೆಗೆ ಕಳಿಸ್ತಾರೆ ಅಂತ ಭಯ,” ಎನ್ನುತ್ತಾರೆ. ಪ್ರತಿ ವರ್ಷ ಗುತ್ತಿಗೆ ನವೀಕರಣವಾಗುವವರೆಗೆ ಆ ಭಯ ಈಗಲೂ ಹೋಗುವುದಿಲ್ಲ.

ಮೊದಲಿನ ವ್ಯವಸ್ಥೆ ಸಂತೆಯ ಹಾಗಿತ್ತು. ಪ್ರತಿ ಶವಕ್ಕೂ ಡೇಟಾಬೇಸಿನಲ್ಲಿ ಒಂದು ದಾಖಲೆ. ಅದರಲ್ಲಿ ಯಾರು ಏನು ಬೇಕಾದರೂ ಬರೆಯಬಹುದಿತ್ತು. ಒಂದು ಠಾಣೆಯವರು ಹಚ್ಚೆಯ ಬಗ್ಗೆ ಬರೆದರೆ, ಇನ್ನೊಬ್ಬರು ಕಿಸೆಯಲ್ಲಿ ಸಿಕ್ಕ ಬೀಗದ ಕೈಯ ಬಗ್ಗೆ ಬರೆಯುತ್ತಿದ್ದರು. ಹುಡುಕುವುದು ತಡವಾಗುತ್ತಿತ್ತು ನಿಜ, ಆದರೆ ಬರೆದದ್ದು ಬರೆದಂತೆ ಇರುತ್ತಿತ್ತು. ಆಮೇಲೆ ಹೊರಗಿನ ಕಂಪನಿಯೊಂದರಿಂದ ಹೊಸ ಸಾಫ್ಟ್‌ವೇರ್ ಬಂತು. ಠಾಣೆಯವರು ಮೊದಲಿನಂತೆಯೇ ಬರೆದು ಕಳಿಸುತ್ತಿದ್ದರು; ಇದು ಪ್ರತಿ ದಾಖಲೆಯನ್ನೂ ಒಂದು ಅಚ್ಚಿಗೆ ಹಾಕಿ ತೆರೆಯುತ್ತಿತ್ತು. ವಯಸ್ಸು ಎಂದರೆ ಅಂಕಿಯೇ ಆಗಿರಬೇಕು, ದಿನಾಂಕ ಎಂದರೆ ದಿನಾಂಕವೇ. ಎತ್ತರಕ್ಕೆ, ಬಟ್ಟೆಗೆ, ಸಿಕ್ಕ ಜಾಗಕ್ಕೆ ಒಂದೊಂದು ಗೂಡು. ಪರದೆ ಕನ್ನಡಿಯಂತೆ ಚೊಕ್ಕಟವಾಯಿತು. ಎಲ್ಲರೂ ಮೆಚ್ಚಿದರು. ಇವರೂ ಮೆಚ್ಚಿದರು.

ಅಚ್ಚಿನಲ್ಲಿ ಗೂಡಿಲ್ಲದ ಮಾಹಿತಿ ಏನಾಗುತ್ತದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಬರೇ ಓದುವವರೆಗೆ ಏನೂ ಆಗುತ್ತಿರಲಿಲ್ಲ. ಅದು ಪರದೆಯ ಮೇಲೆ ಕಾಣುತ್ತಿರಲಿಲ್ಲ, ಅಷ್ಟೇ. ಆದರೆ ಯಾರಾದರೂ ಒಂದು ಸಣ್ಣ ತಿದ್ದುಪಡಿ ಮಾಡಿ ‘ಸೇವ್’ ಒತ್ತಿದರೆ, ಸಾಫ್ಟ್‌ವೇರ್ ತನ್ನ ಅಚ್ಚಿನಲ್ಲಿದ್ದಷ್ಟನ್ನೇ ತೆಗೆದು ಹಳೆಯ ದಾಖಲೆಯ ಮೇಲೆ ಹೊದಿಸುತ್ತಿತ್ತು. ಉಳಿದದ್ದು ಅಲ್ಲಿಗೆ ಅಳಿಸಿಹೋಗುತ್ತಿತ್ತು. ತಪ್ಪಿನ ಸೂಚನೆಯೂ ಬರುತ್ತಿರಲಿಲ್ಲ. ಕೆಲಸ ಸರಿಯಾಗಿ ಆಯಿತು ಎಂಬ ಹಸಿರು ಗುರುತೇ ಬರುತ್ತಿತ್ತು.

ಹಾಗೆ ಅಳಿಸಿಹೋದವುಗಳಲ್ಲಿ ಒಂದು ಸಾಲು, ‘ಪ್ಯಾಂಟಿನ ಸೊಂಟಪಟ್ಟಿಯ ಒಳಗೆ ಕೆಂಪು ದಾರದ ಎರಡು ಗುಣಿಸುವ ಗುರುತು’ ಎಂಬುದು.

ಆ ಗುರುತು ಹಾಕಿದ್ದವರು ಒಬ್ಬ ಟೈಲರ್. ತಲೆ ಪೂರ್ತಿ ನರೆತ, ಕುತ್ತಿಗೆಯಿಂದ ಅಳತೆ ಟೇಪು ತೆಗೆಯುವುದನ್ನೇ ಮರೆತು ಬರುತ್ತಿದ್ದ ಮನುಷ್ಯ. ಅವರಿಗೂ ಅವರ ತಮ್ಮನಿಗೂ ಒಂದೇ ಅಳತೆ. ಒಂದೇ ಥಾನಿನ ಕಂದು ಬಟ್ಟೆಯಲ್ಲಿ ಇಬ್ಬರಿಗೂ ಪ್ಯಾಂಟು ಹೊಲಿದು, ಒಗೆಯಲು ಹಾಕಿದಾಗ ಗೊತ್ತಾಗಲೆಂದು ತಮ್ಮನದಕ್ಕೆ ಒಳಗಡೆ ಕೆಂಪು ಗುರುತು ಹಾಕುತ್ತಿದ್ದರು. ಲಾರಿಗೆ ಮೂಟೆ ಹೇರುವ ತಮ್ಮ ಆಗಾಗ ವಾರಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಈ ಸಲ ತೀರಾ ತಡವಾಯಿತೆಂದು ಅಣ್ಣ ಹುಡುಕಿಕೊಂಡು ಇಲ್ಲಿಗೆ ಬಂದರು.

ಎದುರಿಗೆ ಕೂರಿಸಿಕೊಂಡು ಅಕ್ಕ ಹುಡುಕಿದರು. ‘ಕೆಂಪು ದಾರ’ ಎಂದು ಹಾಕಿದರು, ‘ಗುಣಿಸುವ ಗುರುತು’ ಎಂದು ಹಾಕಿದರು, ‘ಹೊಲಿಗೆ’ ಎಂದೂ ಹಾಕಿದರು. ಏನೂ ಸಿಗಲಿಲ್ಲ. ವಯಸ್ಸು ಹೊಂದುವ ಶವಗಳ ಫೋಟೋ ತೋರಿಸಿದರು. ಅವುಗಳಲ್ಲಿ ಒಂದು ರೈಲು ಹಳಿಯ ಮೇಲೆ ಸಿಕ್ಕಿದ್ದು. ಮುಖ ಗುರುತು ಹಿಡಿಯುವಂತಿರಲಿಲ್ಲ. ಕಂದು ಪ್ಯಾಂಟು ಊರಿನಲ್ಲಿ ಯಾರ ಮೈಮೇಲಿಲ್ಲ? ಟೈಲರ್ ಕಣ್ಣು ಬೇರೆ ಕಡೆ ತಿರುಗಿಸಿ, ಇವನಲ್ಲ ಎಂದು ತಲೆಯಾಡಿಸಿದರು.

ಮುಂದೆ ತಿಂಗಳು ತಿಂಗಳೂ ಬಂದರು. ಬಂದಾಗಲೆಲ್ಲ ಅದೇ ಪ್ರಶ್ನೆ, ಅದೇ ಹುಡುಕಾಟ. “ಇಲ್ಲ ಅಣ್ಣಾ, ಇಲ್ಲ ಅಂದ್ರೆ ಒಳ್ಳೇದೇ ಅಲ್ವಾ, ಎಲ್ಲೋ ಚೆನ್ನಾಗಿರ್ತಾರೆ” ಎಂದು ಇವರು ಸಮಾಧಾನ ಹೇಳಿ ಕಳಿಸುತ್ತಿದ್ದರು. ಆ ಮಾತು ಈಗ ಅವರಿಗೆ ನುಂಗಲಾರದ ತುತ್ತು.

ಒಂದು ವರ್ಷದ ಮೇಲೆ, ಮಧ್ಯಾಹ್ನದ ಟೀ ಹೊತ್ತಿನಲ್ಲಿ ಶವಾಗಾರದ ಸಹಾಯಕ ಮಾತಿಗೆ ಮಾತು ಬಂದು ಕೇಳಿದ: “ಅಕ್ಕಾ, ಆ ಕೆಂಪು ದಾರದೋನಿಗೆ ಯಾರಾದ್ರೂ ಬಂದ್ರಾ?”

“ಯಾವ ಕೆಂಪು ದಾರ?”

“ಅದೇ, ಹಳಿ ಮೇಲೆ ಸಿಕ್ಕಿದ್ನಲ್ಲ. ನಾನೇ ಬಟ್ಟೆ ಬಿಚ್ಚಿದ್ದು. ಒಳಪಟ್ಟೀಲಿ ಎಷ್ಟು ಮುದ್ದಾಗಿ ಗುರುತು ಹಾಕಿದ್ರು! ನಿಮ್ಮ ಕಂಪ್ಯೂಟರಿಗೆ ಬರೆಸಿದ್ನಲ್ಲ?”

ಅಕ್ಕ ಕೈಯಲ್ಲಿದ್ದ ಲೋಟ ಮೇಜಿನ ಮೇಲಿಟ್ಟು ಕಂಪ್ಯೂಟರಿನತ್ತ ತಿರುಗಿದರು. ದಾಖಲೆ ತೆರೆದರೆ ಅಂಥ ಸಾಲೇ ಇಲ್ಲ. ಸರ್ವರಿನ ಹಳೆಯ ಬ್ಯಾಕಪ್ ತೆಗೆಸಿ ನೋಡಿದರೆ ಇದೆ. ನಡುವೆ ಆದದ್ದು ಒಂದೇ: ಎದುರು ಮೇಜಿನ ಗುಮಾಸ್ತ, ಮರಣೋತ್ತರ ಪರೀಕ್ಷೆಯ ವರದಿ ಬಂದ ದಿನ, ವಯಸ್ಸನ್ನು ನಲವತ್ತರಿಂದ ನಲವತ್ತೈದಕ್ಕೆ ತಿದ್ದಿ ಸೇವ್ ಒತ್ತಿದ್ದ. ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದ, ಪಾಪ.

ಸಾಹೇಬರಿಗೆ ವಿಷಯ ತಿಳಿಸಿದಾಗ ಅವರು ಹೇಳಿದರು: “ಹೂತು ವರ್ಷವಾಗಿದೆ. ಈಗ ಹೇಳಿ ಆ ಮುದುಕನ ಹೊಟ್ಟೆ ಉರಿಸೋದ್ಯಾಕೆ? ಬರ್ತಾ ಬರ್ತಾ ಅವನೇ ಬರೋದು ಬಿಡ್ತಾನೆ.”

“ಬಿಡಲ್ಲ ಸಾರ್,” ಎಂದರು ಅಕ್ಕ. “ಸಾಯೋವರೆಗೂ ಬರ್ತಾರೆ. ಪ್ರತಿ ಸಲ ನಾನು ಇಲ್ಲ ಅಂತ ಹೇಳ್ಬೇಕಾ?”

ಅವರೇ ಟೈಲರನ್ನು ಕರೆಸಿದರು. ಸಹಾಯಕ ಉಗ್ರಾಣದಿಂದ ಬಟ್ಟೆಯ ಗಂಟು ತಂದಿಟ್ಟ. ಟೈಲರ್ ಪ್ಯಾಂಟನ್ನು ಕೈಗೆತ್ತಿಕೊಂಡು, ಕಸುಬಿನವರ ಒಂದೇ ಮಡಿಕೆಯಲ್ಲಿ ಸೊಂಟಪಟ್ಟಿ ತಿರುಗಿಸಿದರು. ಕೆಂಪು ದಾರ ಮಾಸಿತ್ತು, ಹೊಲಿಗೆ ಬಿಟ್ಟಿರಲಿಲ್ಲ. ಅದರ ಮೇಲೆ ಹೆಬ್ಬೆರಳಿಟ್ಟುಕೊಂಡು ಕೂತರು. ಅಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ದಾಖಲೆ ಇತ್ತು, ಸಾಫ್ಟ್‌ವೇರ್ ಅಳಿಸಿಹಾಕಿತು, ನಾವು ಗಮನಿಸಲಿಲ್ಲ.

ಬೈಯುತ್ತಾರೆ ಎಂದುಕೊಂಡಿದ್ದರು. ಟೈಲರ್ ಬೈಯಲಿಲ್ಲ. “ನೀನು ಹುಡುಕಿದ್ಯಲ್ಲಮ್ಮ. ನನ್ನ ಕಣ್ಣೆದುರಿಗೇ ಹುಡುಕಿದೆ,” ಎಂದರು. ಸ್ವಲ್ಪ ಹೊತ್ತಿನ ಮೇಲೆ ಹೂತ ತಾರೀಖು ಕೇಳಿದರು. ಅಕ್ಕ ಹೇಳಿದರು. ಟೈಲರ್ ಬೆರಳು ಮಡಚಿ ಏನನ್ನೋ ಎಣಿಸಿದರು.

“ಹಾಗಾದ್ರೆ ನಾನು ಮೊದಲನೇ ಸಲ ಬಂದು ಇಲ್ಲಿ ಕೂತಿದ್ದಾಗ, ಅವನು ಈ ಗೋಡೆ ಆಚೆಗೇ ಇದ್ದ.”

ಇದ್ದ. ಶೈತ್ಯಪೆಟ್ಟಿಗೆಯಲ್ಲಿ ಇನ್ನೂ ಮೂರು ದಿನ ಇದ್ದ. ಅಕ್ಕನಿಗೂ ಆ ಲೆಕ್ಕ ಗೊತ್ತಿತ್ತು. ಟೈಲರ್ ಅದನ್ನು ಕೇಳದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಿದ್ದರು.

ಸಹಾಯಕ ಅವರನ್ನು ನಗರಸಭೆಯ ಹೂಳುವ ಜಾಗಕ್ಕೆ ಕರೆದುಕೊಂಡು ಹೋದ. ಸಂಖ್ಯೆ ಬರೆದ ಗೂಟಗಳು ಅರ್ಧಕ್ಕರ್ಧ ಬಿದ್ದುಹೋಗಿದ್ದವು. ಇಂಥ ಸಾಲು ಎಂದು ತೋರಿಸಲು ಸಾಧ್ಯವಾಯಿತೇ ಹೊರತು ಇಂಥ ಗುಂಡಿ ಎಂದು ಹೇಳಲಾಗಲಿಲ್ಲ. ಟೈಲರ್ ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಡೆದುಹೋಗಿ ವಾಪಸು ಬಂದರಂತೆ. ಮತ್ತೆ ಅವರು ಈ ಕಚೇರಿಗೆ ಕಾಲಿಡಲಿಲ್ಲ. ಅಕ್ಕನೂ ಅವರ ಅಂಗಡಿಯ ಕಡೆ ಹೋಗುವ ಧೈರ್ಯ ಮಾಡಿಲ್ಲ.

ಕಂಪನಿಯ ಇಂಜಿನಿಯರ್‌ಗೆ ಫೋನ್ ಮಾಡಿದಾಗ ಜಗಳಕ್ಕೆ ಸಿದ್ಧರಾಗಿಯೇ ಮಾಡಿದ್ದರು. ಆತ ಜಗಳಕ್ಕೆ ಬರಲಿಲ್ಲ. “ಹಳೇ ದಾಖಲೆ ತೆರೆದ್ರೆ ಪ್ರೋಗ್ರಾಂ ಬಿದ್ದುಹೋಗ್ತಿತ್ತು ಮೇಡಂ. ಪರಿಚಯ ಇಲ್ಲದ ಫೀಲ್ಡ್, ಅಂದ್ರೆ ಗೂಡಿಲ್ಲದ ಮಾಹಿತಿ, ಸಿಕ್ರೆ ಬಿಟ್ಟು ಮುಂದೆ ಹೋಗು ಅಂತ ಒಂದು ಸಾಲು ಹಾಕ್ದೆ. ಓದುವಾಗ ಬಿಟ್ಟಿದ್ದು ಬರೆಯುವಾಗ ಅಳಿಸಿದ ಹಾಗೇ ಅಂತ ಹೊಳೀಲೇ ಇಲ್ಲ.” ನೆಗಡಿ ಬಂತೆಂದು ಮೂಗು ಕೊಯ್ದ ಹಾಗೆ. ಆತ ಆಮೇಲೆ ಮೆಲ್ಲನೆ ಕೇಳಿದ: “ಅವರಿಗೆ ಹೇಳಿದ್ರಾ?”

“ಹೇಳ್ದೆ.”

“ನನ್ನ ಹೆಸರು?”

“ಅವರು ಕೇಳ್ಲಿಲ್ಲ.”

ಮುಂದಿನ ವಾರಗಳಲ್ಲಿ ಆತ ದಿನಾ ತನ್ನ ಕೆಲಸ ಮುಗಿದ ಮೇಲೆ ಫೋನಿನಲ್ಲಿ ಇವರ ಜೊತೆ ಕೂತ. ತಿದ್ದುಪಡಿಯ ಅರ್ಧ ಪಾಲು ಅವನದೇ ಎಂದು ಅಕ್ಕ ಎರಡೆರಡು ಸಲ ಹೇಳುತ್ತಾರೆ. ಅದನ್ನು ಬರೆಯದೆ ಬಿಟ್ಟೀರಿ ಎಂದು, ಬರೆಯಲು ಬಂದ ನನ್ನನ್ನು ಎಚ್ಚರಿಸುತ್ತಾರೆ.

ತಿದ್ದುಪಡಿ ಕೇಳಲು ಸರಳ. ಈಗ ಆ ಅಚ್ಚಿಗೆ ಒಂದು ಜೇಬಿದೆ. ಗೂಡಿರುವ ಮಾಹಿತಿ ಗೂಡಿಗೆ ಹೋಗುತ್ತದೆ. ಗೂಡಿಲ್ಲದ್ದು, ಏನೆಂದು ಪ್ರೋಗ್ರಾಮಿಗೆ ಅರ್ಥವಾಗದಿದ್ದರೂ ಸರಿ, ಇದ್ದ ಹೆಸರಿನಲ್ಲಿ ಇದ್ದ ಹಾಗೆಯೇ ಜೇಬಿನಲ್ಲಿ ಕೂರುತ್ತದೆ. ಸೇವ್ ಒತ್ತಿದಾಗ ಜೇಬಿನಲ್ಲಿದ್ದದ್ದೆಲ್ಲ ಮತ್ತೆ ದಾಖಲೆಯ ತನ್ನ ತನ್ನ ಜಾಗಕ್ಕೇ ಮರಳುತ್ತದೆ. ತಿದ್ದಿದ ಸಾಲು ಮಾತ್ರ ಬದಲಾಗುತ್ತದೆ, ಮಿಕ್ಕಿದ್ದನ್ನು ಯಾರೂ ಮುಟ್ಟುವುದಿಲ್ಲ. ಇನ್ನೊಂದು ತೊಡಕೂ ಇತ್ತು. ವಯಸ್ಸಿನ ಜಾಗದಲ್ಲಿ ಯಾವನೋ ಪೇದೆ ‘ಮೂವತ್ತೋ ನಲವತ್ತೋ’ ಎಂದು ಬರೆದಿದ್ದರೆ, ಅಂಕಿಯನ್ನೇ ಬೇಡುವ ಪ್ರೋಗ್ರಾಂ ಅಲ್ಲಿ ಸೊನ್ನೆ ಹಾಕಿಬಿಡುತ್ತಿತ್ತು. “ಇಷ್ಟುದ್ದ ಮೀಸೆ ಇರೋ ಗಂಡಸು, ವಯಸ್ಸು ಸೊನ್ನೆ!” ಎನ್ನುತ್ತಾರೆ ಅಕ್ಕ. ಈಗ ಅಂಕಿ ಸಿಗದಿದ್ದರೆ ಆ ಜಾಗ ಖಾಲಿ ಇರುತ್ತದೆ, ಪೇದೆಯ ಮಾತು ಅದರ ಪಕ್ಕದಲ್ಲೇ ಉಳಿಯುತ್ತದೆ.

ದಿನಾ ಬೆಳಿಗ್ಗೆ, ಬೇರೆಯವರು ಬರುವ ಮುಂಚೆ, ಅಕ್ಕ ಒಂದು ಪರೀಕ್ಷೆ ಓಡಿಸುತ್ತಾರೆ. ಎಲ್ಲ ದಾಖಲೆಗಳ ಒಂದು ನಕಲು ತೆಗೆದು, ಪ್ರತಿಯೊಂದನ್ನೂ ತೆರೆದು, ಏನೂ ತಿದ್ದದೆ ಸೇವ್ ಮಾಡಿ, ಮೊದಲಿದ್ದದ್ದಕ್ಕೂ ಆಮೇಲಿದ್ದದ್ದಕ್ಕೂ ಹೋಲಿಸಿ ನೋಡುವುದು. ಒಂದಕ್ಷರ ಹೆಚ್ಚುಕಡಿಮೆಯಾದರೂ ಅಂದು ಯಾರಿಗೂ ಸೇವ್ ಬಟನ್ ತೆರೆದುಕೊಳ್ಳುವುದಿಲ್ಲ. “ಪಾತ್ರೆ ಮುಚ್ಚಳ ತೆಗೆದು ಮುಚ್ಚಿದ್ರೆ ಒಳಗಿರೋ ಸಾರು ಕಮ್ಮಿ ಆಗ್ಬಾರ್ದು, ಅಷ್ಟೇ,” ಎಂದು ವಿವರಿಸುತ್ತಾರೆ. ಈ ಪರೀಕ್ಷೆಯ ಬಗ್ಗೆ ಸಾಹೇಬರು ಮೊದಲು ಗೊಣಗಿದರು. ಈಗ ಬೆಳಿಗ್ಗೆ ಬಂದವರೇ, “ಏನಮ್ಮ, ಇವತ್ತು ಎಲ್ಲ ಹಾಗೇ ಇದೆಯಾ?” ಎಂದು ಕೇಳುತ್ತಾರೆ.

ಕಳೆದುಹೋದದ್ದರಲ್ಲಿ ಬಹುಪಾಲು ಹಳೆಯ ಬ್ಯಾಕಪ್‌ಗಳಿಂದ ಮರಳಿ ಬಂದಿದೆ. ಎಲ್ಲವೂ ಬಂದಿಲ್ಲ. ಎರಡು ಬ್ಯಾಕಪ್‌ಗಳ ನಡುವೆ ಹುಟ್ಟಿ, ಆ ನಡುವೆಯೇ ತಿದ್ದಿಸಿಕೊಂಡ ದಾಖಲೆಗಳಲ್ಲಿ ಮೊದಲು ಏನಿತ್ತು ಎಂದು ಹೇಳಲು ಯಾವ ಸಾಕ್ಷಿಯೂ ಇಲ್ಲ. ಅಂಥವು ನೂರಾರು. ಅಕ್ಕ ಠಾಣೆ ಠಾಣೆಗೆ ಫೋನ್ ಮಾಡಿದರು. ಬರೆದ ಪೇದೆಗಳು ಬೇರೆ ಕಡೆ ವರ್ಗವಾಗಿದ್ದರು, ಸಿಕ್ಕವರು, “ಅಷ್ಟು ಹೆಣದಲ್ಲಿ ಒಂದನ್ನ ಎಲ್ಲಿ ಅಂತ ನೆನಪಿಡೋದು ಮೇಡಂ?” ಎಂದರು. ಶವಾಗಾರದ ಸಹಾಯಕ ತಲೆ ಕೆರೆದುಕೊಂಡು ಕೆಲವನ್ನು ನೆನಪಿಸಿಕೊಟ್ಟ. ಉಳಿದವುಗಳ ತಳದಲ್ಲಿ ಅಕ್ಕ ತಾವೇ ಒಂದು ಸಾಲು ಬರೆದಿದ್ದಾರೆ: ‘ಇಲ್ಲಿ ಇನ್ನೂ ಏನೋ ಇತ್ತು. ಕಳೆದುಹೋಗಿದೆ.’

ಅದರಿಂದ ಏನು ಉಪಯೋಗ ಎಂದರೆ, “ಹುಡುಕೋಕೆ ಬಂದೋರಿಗೆ ಇಲ್ಲ ಅಂತ ಸುಳ್ಳು ಹೇಳೋದು ತಪ್ಪುತ್ತೆ. ಗೊತ್ತಿಲ್ಲ ಅಂತೀವಿ. ಇಲ್ಲ ಅನ್ನೋದು ಬೇರೆ, ಗೊತ್ತಿಲ್ಲ ಅನ್ನೋದು ಬೇರೆ,” ಎನ್ನುತ್ತಾರೆ.

ಮನೆಯಲ್ಲಿ ಈ ಕೆಲಸದ ಮಾತು ಬಾಗಿಲ ಹೊರಗೇ. ಶಾಲೆಯಲ್ಲಿ ಯಾರಾದರೂ ಕೇಳಿದರೆ ಮಗಳು ‘ಕಂಪ್ಯೂಟರ್ ಕೆಲಸ’ ಎಂದಷ್ಟೇ ಹೇಳುತ್ತಾಳೆ. ಒಮ್ಮೆ ಬಾಯಿ ತಪ್ಪಿ ಪೂರ್ತಿ ಹೇಳಿದ್ದಕ್ಕೆ ಗೆಳತಿಯರು ಅವಳ ಟಿಫಿನ್ ಡಬ್ಬಿಗೆ ಕೈ ಹಾಕುವುದನ್ನು ಬಿಟ್ಟಿದ್ದರು. ಅತ್ತೆಯದು ಇನ್ನೊಂದು ತರಹ. “ಊಟದ ಹೊತ್ತಲ್ಲಿ ಹೆಣದ ಸುದ್ದಿ ಎತ್ತಬೇಡಮ್ಮ,” ಎಂದು ಗದರುವವರೂ ಅವರೇ, ಸೊಸೆ ಚಪ್ಪಲಿ ಬಿಡುವ ಮೊದಲೇ “ಇವತ್ತು ಯಾರಾದ್ರೂ ಸಿಕ್ಕಿದ್ರಾ?” ಎಂದು ಕೇಳುವವರೂ ಅವರೇ. ದಿನದ ಉತ್ತರ ಬಹುಪಾಲು ಇಲ್ಲ ಎಂದೇ. ಬಂದ ಶವಗಳಲ್ಲಿ ಹೆಚ್ಚಿನವು ಹೆಸರಿಲ್ಲದೆಯೇ ಮಣ್ಣಿಗೆ ಹೋಗುತ್ತವೆ.

ಕಳೆದ ತಿಂಗಳು ಒಂದು ಸಿಕ್ಕಿತು. ಬಸ್ ನಿಲ್ದಾಣದಲ್ಲಿ ಸತ್ತ ಹೆಣ್ಣುಮಗಳೊಬ್ಬಳ ದಾಖಲೆಯಲ್ಲಿ ‘ಎಡಗೈ ಉಗುರಿಗೆ ಮಾತ್ರ ಬಣ್ಣ’ ಎಂಬ ಸಾಲಿತ್ತು. ಆ ದಾಖಲೆಯನ್ನು ಅಷ್ಟರಲ್ಲಿ ನಾಲ್ಕು ಜನ ನಾಲ್ಕು ಕಾರಣಕ್ಕೆ ತಿದ್ದಿ ಸೇವ್ ಮಾಡಿದ್ದರು. ಸಾಲು ಅಲ್ಲಾಡಿರಲಿಲ್ಲ. ಸತ್ತವಳನ್ನು ಹುಡುಕಿಕೊಂಡು ಬಂದಿದ್ದ ಅವಳ ತಂಗಿಗೆ ಅದನ್ನು ಓದಿ ಹೇಳಿದಾಗ ಆಕೆ ಕಿಟಕಿಯ ಸರಳು ಹಿಡಿದುಕೊಂಡಳು. “ಬಲಗೈಗೆ ನಾನೇ ಹಚ್ಚಬೇಕಿತ್ತು. ಎಡಗೈಲಿ ಹಚ್ಚೋಕೆ ಅವಳಿಗೆ ಬರ್ತಿರ್ಲಿಲ್ಲ. ಆವತ್ತು ನಮಗೆ ಜಗಳ ಆಗಿತ್ತು.” ಮೂರು ಗಂಟೆಯ ಹೊತ್ತಿಗೆ ಶವ ಮನೆಯವರ ಕೈ ಸೇರಿತು.

“ನಮ್ಮ ಕೆಲಸ ಚೆನ್ನಾಗಿ ಆಯ್ತು ಅಂದ್ರೆ ಯಾರೋ ಒಬ್ರು ಅಳ್ತಾರೆ,” ಎನ್ನುತ್ತಾರೆ ಅಕ್ಕ. “ಆವತ್ತು ಅತ್ತೆಗೆ ಹೌದು ಅಂತ ಹೇಳ್ದೆ. ಅವರು ಸುಮ್ನೆ ಬಡಿಸಿದ್ರು.”

ಮಾತಾಡುತ್ತಿರುವಾಗಲೇ ಕಿಟಕಿಯ ಹೊರಗೆ ಒಬ್ಬ ತಾಯಿ ಬಂದು ನಿಲ್ಲುತ್ತಾಳೆ. ಹತ್ತೊಂಬತ್ತರ ಮಗ ಮನೆ ಬಿಟ್ಟು ತಿಂಗಳುಗಳಾಗಿವೆ. ಎದುರು ಮೇಜಿನ ಗುಮಾಸ್ತ ಎತ್ತರ, ಬಣ್ಣ, ಉಟ್ಟ ಬಟ್ಟೆ ಎಲ್ಲ ಕೇಳಿ ಮುಗಿಸುತ್ತಾನೆ. ಆಗ ಅಕ್ಕ ತಮ್ಮ ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡು, “ಇನ್ನೇನಾದ್ರೂ ಇದೆಯಾಮ್ಮ? ಏನಾದ್ರೂ ಸರಿ,” ಎನ್ನುತ್ತಾರೆ.

ತಾಯಿ ಯೋಚಿಸುತ್ತಾಳೆ. “ನಗುವಾಗ ಬಾಯಿಗೆ ಕೈ ಅಡ್ಡ ಇಟ್ಕೋತಾನೆ. ಮುಂದಿನ ಹಲ್ಲು ಸೊಟ್ಟ ಅಂತ ನಾಚಿಕೆ ಅವನಿಗೆ.”

“ಹಲ್ಲು ಬರ್ಕೊಂಡ್ರೆ ಸಾಕು,” ಎನ್ನುತ್ತಾನೆ ಗುಮಾಸ್ತ ಮೆಲುದನಿಯಲ್ಲಿ.

ಕಾಣೆಯಾದ ಹುಡುಗನ ಹೆಸರಿನಲ್ಲಿ ತೆರೆದ ದಾಖಲೆಯಲ್ಲಿ ಅಕ್ಕ ಹಲ್ಲನ್ನು ಬರೆಯುತ್ತಾರೆ. ಅದರ ಕೆಳಗೆ, ನಗುವಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಾನೆ ಎಂಬುದನ್ನೂ ಬರೆದು ಸೇವ್ ಮಾಡುತ್ತಾರೆ. ತಾಯಿ ಹೊರಟುಹೋದ ಮೇಲೆ ಗುಮಾಸ್ತ ಕೇಳುತ್ತಾನೆ: “ಹಲ್ಲು ಸರಿ. ಆ ನಗು ಯಾಕಕ್ಕಾ? ಹೆಣ ನಗುತ್ತಾ?”

ಅಕ್ಕ ಪರದೆಯಿಂದ ಕಣ್ಣು ತೆಗೆಯುವುದಿಲ್ಲ.

“ಅವನು ಸತ್ತಿದ್ದಾನೆ ಅಂತ ಯಾರು ಹೇಳಿದ್ರು?”